ತುತ್ತಿಗೊಂದು ವಿಡಿಯೊ

ಪ್ರಶ್ನೆ: ಮೂರು ವರ್ಷದ ಮೊಮ್ಮಗ ಮೊಬೈಲ್ ಕೊಡದಿದ್ದರೆ ಊಟವನ್ನೇ ಮಾಡುವುದಿಲ್ಲ. ಚಂದಮಾಮನನ್ನು ತೋರಿಸಿ ಮಕ್ಕಳಿಗೆ ಉಣಿಸಿದವಳು ನಾನು. ಹಾಗೆಂದರೆ ಮಗ, ‘ಕಾಲ ಬದಲಾಗಿದೆಯಮ್ಮ’ ಎನ್ನುತ್ತಾನೆ. ನಾನು ಸುಮ್ಮನಿರಬೇಕೇ?
– ಒಬ್ಬ ಅಜ್ಜಿ, ತೀರ್ಥಹಳ್ಳಿ

ಉತ್ತರ: ಸುಮ್ಮನಿರಬೇಕಾಗಿಲ್ಲ, ಆದರೆ ಚಂದಮಾಮನೂ ಮಗುವಿನ ಗಮನವನ್ನು ಬೇರೆಡೆ ಸೆಳೆಯುವ ಉಪಾಯವೇ ಆಗಿದ್ದನೆಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಕಥೆ ಹೇಳುವಾಗ ನೀವು ಮಗುವಿನ ಮುಖ ನೋಡುತ್ತಿದ್ದಿರಿ, ಅದು ಏನಾದರೂ ಕೇಳಿದರೆ ಕಥೆ ನಿಲ್ಲಿಸಿ ಉತ್ತರಿಸುತ್ತಿದ್ದಿರಿ, ಬಾಯಿ ತಿರುಗಿಸಿದರೆ ಹೊಟ್ಟೆ ತುಂಬಿತೆಂದು ತಿಳಿಯುತ್ತಿದ್ದಿರಿ. ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುವ ವಿಡಿಯೊಗಳಲ್ಲಿ ಈ ಕೊಡುಕೊಳ್ಳುವಿಕೆ ಇಲ್ಲ, ಅದರಲ್ಲಿ ಮುಳುಗಿದ ಮಗುವಿಗೆ ತನ್ನ ಹಸಿವಿನ ಪರಿವೆಯೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರ ಮಾರ್ಗಸೂಚಿಯಲ್ಲಿ, ಈ ವಯಸ್ಸಿನವರು ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಇದನ್ನು ಮಗನಿಗೆ ತಿಳಿಸಿ, ಆದರೆ ಸೊಸೆಯನ್ನು ದೂರುವ ಧಾಟಿಯಲ್ಲಿ ಬೇಡ. ನಿಮ್ಮ ಕಾಲದಲ್ಲಿ ಮಗುವನ್ನು ಎತ್ತಿಕೊಳ್ಳಲು ಮನೆತುಂಬ ಜನರಿದ್ದರು, ಅವರಿಗೆ ಆ ಅನುಕೂಲವಿಲ್ಲದಿರಬಹುದು. ರಾತ್ರಿಯೂಟವನ್ನು ನೀವೇ ವಹಿಸಿಕೊಳ್ಳಿ. ಕೆಲವು ದಿನ ಅವನು ಅತ್ತು ರಂಪ ಮಾಡಬಹುದು, ಮನೆಯವರೆಲ್ಲ ಅದನ್ನು ಸಹಿಸಿಕೊಳ್ಳಬೇಕಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ಕೂಡ ಬೇರೆ ಕೋಣೆಯಲ್ಲಿರಲಿ.