ಎಲೆ ಉದುರಿದ ದೇವಕಣಗಿಲೆಗೆ ದಯವಿಟ್ಟು ನೀರು ಹಾಕಬೇಡಿ

ಡಿಸೆಂಬರ್‌ನಲ್ಲಿ ಕುಂಡದ ದೇವಕಣಗಿಲೆ ಎಲೆಯೆಲ್ಲ ಉದುರಿಸಿ ಬೋಳಾಗಿದೆ, ಎಷ್ಟು ನೀರು, ಯಾವ ಗೊಬ್ಬರ ಹಾಕಿದರೆ ಬೇಗ ಚಿಗುರುತ್ತೆ ಅಂತ ಕೇಳಿದ್ದೀರಿ. ನೀರೂ ಬೇಡ, ಗೊಬ್ಬರವೂ ಬೇಡ. ಇದೇ ಪ್ರಶ್ನೆಯನ್ನು ನಾನೂ ಒಂದು ಚಳಿಗಾಲದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ. ಎಲ್ಲರೂ ಏನಾದರೊಂದು ಹಾಕಿ ಅಂದರೇ ಹೊರತು, ಸುಮ್ನೆ ಬಿಡಿ ಅಂತ ಒಬ್ಬರೂ ಹೇಳಲಿಲ್ಲ.

ನನ್ನದು ತಿಪಟೂರು ಕಡೆಯ ಅಜ್ಜಿ ಮನೆ ಹಿತ್ತಲಿನ ಮರದ್ದು. ಕೆಂಪು ಹೂವು, ದಳದ ಬುಡದಲ್ಲಿ ಹಳದಿ. ರಸ್ತೆ ಅಗಲ ಮಾಡುವಾಗ ಆ ಮರ ಹೋಗುತ್ತೆ ಅಂತ ಗೊತ್ತಾಗಿ ಸೋದರಮಾವ ಒಂದು ಮೊಳದ ಟೊಂಗೆ ಕಡಿದು ಕೊಟ್ಟರು. ಮೈಸೂರಿನ ನಮ್ಮ ತಾರಸಿಯಲ್ಲಿ ಕುಂಡಕ್ಕೆ ನೆಟ್ಟೆ. ಬೇಸಿಗೆಯಲ್ಲಿ ಬೇರು ಹಿಡಿಯಿತು. ಮಳೆಗಾಲದಲ್ಲಿ ಗೇಣುದ್ದದ ಎಲೆಗಳು ಬಂದವು. ಬಂದವರಿಗೆಲ್ಲ ತೋರಿಸುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಎಲೆ ಹಳದಿಯಾಗಿ ಒಂದೊಂದೇ ಉದುರಿತು. ನೀರು ಸಾಲದು ಅಂದುಕೊಂಡೆ. ಬೆಳಿಗ್ಗೆ ಮಾತ್ರ ಒಂದು ಚೆಂಬು ಹಾಕುತ್ತಿದ್ದವಳು ಸಂಜೆಯೂ ಹಾಕತೊಡಗಿದೆ. ತಾರಸಿ ಕೊಳೆಯಾಗಬಾರದು ಅಂತ ಕುಂಡದ ಕೆಳಗೆ ತಟ್ಟೆ ಬೇರೆ ಇಟ್ಟಿದ್ದೆ. ನರ್ಸರಿಯವರು ಕೊಟ್ಟ ಕಾಳುಗೊಬ್ಬರವನ್ನೂ ಸುರಿದೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವೂ ಈಗ ಅದನ್ನೇ ಮಾಡಲು ಹೊರಟಿದ್ದೀರಿ. ಎಲೆಯಿಂದ ನೀರು ಆವಿಯಾಗಿ ಹೋಗುತ್ತಿದ್ದರೆ ತಾನೇ ಬೇರು ಕೆಳಗಿನಿಂದ ನೀರು ಎಳೆಯುವುದು? ಎಲೆಯೇ ಇಲ್ಲದಾಗ ಆ ಎಳೆತ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಚಳಿಗೆ ಕುಂಡದ ಮಣ್ಣೂ ಬೇಗ ಆರುವುದಿಲ್ಲ. ಹಾಕಿದ ನೀರು ಅಲ್ಲೇ ಉಳಿಯುತ್ತದೆ, ತಟ್ಟೆಯಿದ್ದರಂತೂ ಕೇಳುವುದೇ ಬೇಡ. ಬೇರಿಗೆ ಗಾಳಿ ಸಿಗುವುದಿಲ್ಲ. ಶಿಲೀಂಧ್ರ ಹತ್ತಿ ಬೇರು ಕೊಳೆಯುತ್ತದೆ, ಆ ಕೊಳೆ ಕಾಂಡದೊಳಗೆ ಮೇಲಕ್ಕೆ ಏರುತ್ತದೆ. ಹೊರಗಿನ ಸಿಪ್ಪೆ ಮಾತ್ರ ಎಷ್ಟೋ ದಿನ ಬೂದುಬಣ್ಣದಲ್ಲಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅದಕ್ಕೇ ನಮಗೆ ತಿಳಿಯುವುದಿಲ್ಲ, ಚಿಗುರಲಿಲ್ಲವಲ್ಲ ಅಂತ ಇನ್ನೂ ಜಾಸ್ತಿ ನೀರು ಸುರಿಯುತ್ತೇವೆ.

ಶಿವರಾತ್ರಿ ಹೊತ್ತಿಗೆ ಗಿಡ ಸ್ವಲ್ಪ ವಾಲಿದಂತೆ ಕಂಡಿತು. ನೇರ ಮಾಡೋಣ ಅಂತ ಬುಡ ಹಿಡಿದರೆ ಹೆಬ್ಬೆರಳು ಒಳಗೇ ಹೋಯಿತು. ಸಿಪ್ಪೆ ಜಾರಿ ಬಂತು. ಒಳಗಿಂದ ಕಂದು ನೀರು, ಹುಳಿ ವಾಸನೆ. ಚಾಕು ತಂದು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಕತ್ತರಿಸುತ್ತ ಹೋದೆ. ಕೊನೆಯ ತುಂಡಿನ ನಡುವೆಯೂ ಕಂದು ಚುಕ್ಕೆ ಇತ್ತು, ಎಲ್ಲೂ ಹಾಲು ಬರಲಿಲ್ಲ. ಅಷ್ಟರಲ್ಲಿ ಅಜ್ಜಿ ಮನೆಯ ಮರವೂ ಹೋಗಿತ್ತು. ಆ ಕೆಂಪು ನನಗೆ ಮತ್ತೆ ಸಿಕ್ಕಿಲ್ಲ. ಈಗಿರುವುದು ಪಕ್ಕದ ಮನೆಯವರು ಕೊಟ್ಟ ಬೇರೆ ಬಣ್ಣದ್ದು.

ನಿಮ್ಮ ಗಿಡಕ್ಕೆ ಕಾಯಿಲೆ ಬಂದಿದೆ ಅಂತ ಯಾಕೆ ಅಂದುಕೊಳ್ಳುತ್ತೀರಿ? ಇದು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆಯ ಮರ. ಮಳೆಯಿಲ್ಲದ ತಿಂಗಳಲ್ಲಿ ಎಲೆ ಉದುರಿಸಿ ಮಲಗುವುದು ಅದರ ಹುಟ್ಟುಗುಣ. ಆ ದಪ್ಪ ಕಾಂಡದಲ್ಲೇ ಬೇಕಾದಷ್ಟು ನೀರು ಕೂಡಿಟ್ಟುಕೊಂಡಿರುತ್ತದೆ. ಬೇಗ ಚಿಗುರಿಸಬೇಕು ಅನ್ನುವ ಆಸೆಯನ್ನೇ ಬಿಡಿ. ಬಿಸಿಲು ಏರಿದಾಗ ತಾನಾಗೇ ಚಿಗುರುತ್ತದೆ.

ಇವತ್ತು ಮಾಡಬೇಕಾದ್ದು ಒಂದೇ, ಬುಡ ಒತ್ತಿ ನೋಡಿ. ಗಟ್ಟಿಯಿದ್ದರೆ ಕೈ ಮುಗಿದು ದೂರ ಬನ್ನಿ. ಗಟ್ಟಿಯಿದ್ದೂ ಸಿಪ್ಪೆ ಸುಕ್ಕಾಗಿದ್ದರೆ ಬಾಯಾರಿಕೆ, ತಿಂಗಳಿಗೊಮ್ಮೆ ಒಂದು ಲೋಟ ನೀರು ಸಾಕು. ಮೆತ್ತಗಿದ್ದರೆ ನಾಳೆಗೆ ಬಿಡಬೇಡಿ. ಒಳಭಾಗ ಪೂರ್ತಿ ಬೆಳ್ಳಗೆ ಕಂಡು ಹಾಲು ಒಸರುವ ತನಕ ಬುಡದಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಕತ್ತರಿಸುತ್ತ ಹೋಗಿ, ಪ್ರತಿ ಸಲ ಚಾಕು ಒರೆಸಿಕೊಳ್ಳಿ. ಆ ಹಾಲು ಕಣ್ಣಿಗೆ ತಾಗಬಾರದು, ಚರ್ಮಕ್ಕೂ ತುರಿಕೆ ಬರಬಹುದು. ಉಳಿದ ತುಂಡನ್ನು ನೆರಳಲ್ಲಿ ವಾರ ಹತ್ತು ದಿನ ಮಲಗಿಸಿ. ಗಾಯ ಒಣಗಿ ಗಟ್ಟಿಯಾದ ಮೇಲೆ ಕೆಂಪುಮಣ್ಣಿಗೆ ಅಷ್ಟೇ ಪ್ರಮಾಣದ ದಪ್ಪ ಮರಳು ಬೆರೆಸಿ ನೆಡಿ. ಹಸಿ ಗಾಯವನ್ನು ಹಾಗೇ ಮಣ್ಣಿಗಿಟ್ಟರೆ ಮತ್ತೆ ಕೊಳೆಯುತ್ತದೆ.

ಒಂದು ವಿಷಯ ಗಮನಿಸಿ. ಎಲೆಯ ತುದಿ ದುಂಡಗಿರುವ ಬಿಳಿ ಹೂವಿನ ಜಾತಿಯೊಂದಿದೆ. ಅದು ನಮ್ಮ ಚಳಿಗೆ ಸಾಮಾನ್ಯವಾಗಿ ಎಲೆ ಉದುರಿಸುವುದಿಲ್ಲ. ನಿಮ್ಮದು ಅದೇ ಆಗಿ ಬೋಳಾಗಿದ್ದರೆ ಏನೋ ತೊಂದರೆ ಇರಬಹುದು.

ಬೋಳಾಗಿದೆಯಲ್ಲ, ತುದಿ ಕತ್ತರಿಸಿದರೆ ಪೊದೆಯಾಗುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಕೇಳಬೇಡಿ. ಹೂಗೊಂಚಲು ಬರುವುದೇ ಟೊಂಗೆಯ ತುದಿಯಲ್ಲಿ. ಈಗ ಕತ್ತರಿಸಿದರೆ ಮುಂದಿನ ಬೇಸಿಗೆಯ ಹೂವು ಹೋದಂತೆ. ಹೂ ಬಿಟ್ಟ ಮೇಲೆ ಆ ತುದಿಯ ಕೆಳಗೆ ಅದೇ ಎರಡು ಮೂರು ಕವಲೊಡೆಯುತ್ತದೆ.

ಕುಂಡವನ್ನು ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಇಡಿ, ತಟ್ಟೆ ತೆಗೆದುಬಿಡಿ. ಹೊಸ ಎಲೆ ನಾಲ್ಕೈದು ಪೂರ್ತಿ ಬಿಚ್ಚಿಕೊಂಡ ಮೇಲೆ ನೀರು ಶುರು ಮಾಡಿ, ಅದೂ ಮಣ್ಣು ಎರಡು ಬೆರಳಾಳ ಒಣಗಿದಾಗ ಮಾತ್ರ. ಎರೆಗೊಬ್ಬರ ಒಂದು ಹಿಡಿ ಆಗ ಹಾಕಿದರೆ ಸಾಕು. ಯೂರಿಯಾ ಮಾತ್ರ ಬೇಡ, ಎಲೆ ಸೊಂಪಾಗಿ ಬರುತ್ತದೆ, ಹೂವು ಕಡಿಮೆಯಾಗುತ್ತದೆ.