ಲದ್ದಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಹೊಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗಳ ಕಾಠಿಯಾವಾಡಿ ಹೆಣ್ಣು ಕುದುರೆಯನ್ನು ಪರಿಚಯದವರ ತೋಟದಲ್ಲಿ ಬಿಟ್ಟಿದ್ದೇವೆ. ಈಗ ಅದನ್ನೂ ಜೊತೆಗಿಟ್ಟುಕೊಳ್ಳುವಂಥ ಸ್ವಂತ ಮನೆ ಹುಡುಕುತ್ತಿದ್ದೇವೆ. ಬಾಗಲೂರು ರಸ್ತೆಯ ಬಡಾವಣೆಯೊಂದರಲ್ಲಿ ಒಂಬತ್ತು ಸೆಂಟಿನ ಹೊಸ ಮನೆಯಿದೆ. ಕುದುರೆ ಸಾಕಬಹುದೆಂದು ಜಾಹೀರಾತಿನಲ್ಲೇ ಹಾಕಿದ್ದಾರೆ. ತಳಿ ಎಂಬ ಊರಿನ ಕಡೆ ಒಂದೂವರೆ ಎಕರೆಯಲ್ಲಿ ಹಳೆಯ ಹೆಂಚಿನ ಮನೆಯಿದೆ. ಸುತ್ತ ಮುಳ್ಳುತಂತಿ, ಗೇಟಿನಿಂದ ಬಾಗಿಲವರೆಗೆ ಚೆಂದದ ಕಣಗಿಲೆ ಸಾಲು, ಪಕ್ಕದಲ್ಲಿ ಗುಲಾಬಿ ತೋಟ. ಯಾವುದನ್ನು ಕೊಳ್ಳಲಿ?

ಉತ್ತರ: ಬಡಾವಣೆಯವರನ್ನು ಒಂದೇ ಮಾತು ಕೇಳಿ: ಲದ್ದಿ ಎಲ್ಲಿಗೆ ಹೋಗುತ್ತದೆ? ನಿಮ್ಮ ಕುದುರೆ ದಿನಕ್ಕೆ ಸುಮಾರು 15 ಕಿಲೋ ಹಾಕುತ್ತದೆ. ವಾರಕ್ಕೆ ನೂರು ಕಿಲೋ ದಾಟಿತು. ನೆನೆದ ಹಾಸುಹುಲ್ಲಿನ ಲೆಕ್ಕ ಬೇರೆ. ನಾನು ಪಶುವೈದ್ಯನಾಗಿದ್ದಾಗ ಇಂಥದ್ದೇ ಬಡಾವಣೆಗೆ ಒಬ್ಬರು ಕುದುರೆ ತಂದರು. ಮೊದಲ ವಾರ ಎದುರುಮನೆಯವರು ಮಗುವನ್ನು ಎತ್ತಿಕೊಂಡು ಬಂದು ಕ್ಯಾರೆಟ್ ತಿನ್ನಿಸಿ ಫೋಟೋ ತೆಗೆಸಿಕೊಂಡರು. ಮಳೆ ಹಿಡಿದು ನೊಣ ಎದ್ದ ಮೇಲೆ ದೂರಿನ ಅರ್ಜಿಗೆ ಮೊದಲ ಸಹಿ ಅವರದೇ. ಕುದುರೆ ತೋಟಕ್ಕೆ ಹಿಂತಿರುಗಿತು, ಮನೆಯ ಸಾಲ ಉಳಿಯಿತು.

ತಳಿಯ ಮನೆಯನ್ನೇ ನೋಡಿ. ಗುಲಾಬಿ ತೋಟದವರು ಲದ್ದಿಗೆ ತಾವೇ ಗಾಡಿ ಕಳಿಸಿಯಾರು. ಆದರೆ ಅವರು ಔಷಧಿ ಹೊಡೆಯುವ ದಿನ ಹೋಗಿ ನಿಂತು, ಗಾಳಿ ಯಾವ ಕಡೆ ಬೀಸುತ್ತದೆಂದು ನೋಡಿ. ಹವೆಯ ಬಗ್ಗೆ ಚಿಂತೆ ಬೇಡ. ನಮ್ಮ ಮತ್ತಿಗಿರಿಯ ಜಾನುವಾರು ಕ್ಷೇತ್ರ ಬ್ರಿಟಿಷರ ಕಾಲದಲ್ಲಿ ಸೈನ್ಯದ ಕುದುರೆಗಳ ನೆಲೆಯಾಗಿತ್ತು.

ದಾರಿಯ ವಿಷಯ ನೀವು ಬರೆದೇ ಇಲ್ಲ. ಪಟ್ಟಾ, ಚಿಟ್ಟಾ ಎಂಬ ಜಮೀನಿನ ಒಡೆತನದ ದಾಖಲೆಗಳು ಸರಿಯಿದ್ದರೆ ಸಾಲದು. ಸರ್ಕಾರಿ ಅಳತೆಯ ಎಫ್‌ಎಂಬಿ ನಕ್ಷೆಯಲ್ಲಿ ಬಂಡಿದಾರಿ ಗುರುತಾಗಿದೆಯೇ ನೋಡಿ. "ಎಲ್ಲರೂ ಓಡಾಡುತ್ತಾರಲ್ಲ ಸಾರ್" ಎನ್ನುವುದು ದಾಖಲೆಯಲ್ಲ, ಪಕ್ಕದವರ ದಾಕ್ಷಿಣ್ಯ. ಹುಲ್ಲಿನ ಲಾರಿ ಗೇಟಿಗೆ ಬರಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟುವವನೂ ಬರಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಹೊಟ್ಟೆನೋವು ಜೀವಕ್ಕೇ ಎರವಾದೀತು. ನಡುರಾತ್ರಿ ಹೊಟ್ಟೆನೋವು ಬಂದರೆ ವೈದ್ಯರ ಕಾರು ಕೆಸರಿನಲ್ಲಿ ಹೂತುಕೊಳ್ಳಬಾರದು. ಕೊಳವೆಬಾವಿಯನ್ನು ಏಪ್ರಿಲ್‌ನಲ್ಲಿ ಪರೀಕ್ಷಿಸಿ; ಬೇಸಿಗೆಯಲ್ಲಿ ದಿನಕ್ಕೆ 40 ಲೀಟರ್ ನೀರು ಕುದುರೆಯೊಂದಕ್ಕೇ ಬೇಕಾದೀತು.

ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟದ ಕಡೆಯ ಆನೆಗಳು ಜವಳಗಿರಿ ಕಾಡು ಹಾದು ಬರುವುದು ನಿಮಗೆ ಗೊತ್ತೇ ಇದೆ. ಅವು ಯಾವ ಹೊಲ ತುಳಿದು ಹೋಗುತ್ತವೆಂದು ಮಾರುವವರನ್ನಲ್ಲ, ಅಕ್ಕಪಕ್ಕದ ರೈತರನ್ನು ಕೇಳಿ. ಆನೆಯ ವಾಸನೆಗೆ ಬೆದರಿದ ಕುದುರೆ ಮುಳ್ಳುತಂತಿಗೆ ನುಗ್ಗಿದರೆ ಎದೆಯ ಚರ್ಮ ಹರಿದು ಜೋತಾಡುತ್ತದೆ. ಅಂಥದ್ದೊಂದನ್ನು ಟಾರ್ಚ್ ಬೆಳಕಿನಲ್ಲಿ ಹೊಲಿದಿದ್ದೇನೆ. ತಂತಿ ತೆಗೆಸಿ ಮರದ ಅಡ್ಡಪಟ್ಟಿ ಹಾಕಿಸಿ. ಹಳೆಯ ಹೆಂಚಿನ ಮನೆಯೆಂದರೆ ನೆಲದ ತುಂಬ ತುಕ್ಕು ಮೊಳೆ. ಧನುರ್ವಾಯು ಲಸಿಕೆ ತಪ್ಪಿಸಬೇಡಿ.

ಇನ್ನು ಆ ಚೆಂದದ ಕಣಗಿಲೆ. ಒಂದು ಹಿಡಿ ಎಲೆ ಕುದುರೆಯನ್ನು ಕೊಲ್ಲುತ್ತದೆ, ಒಣಗಿದರೂ ವಿಷ ಹೋಗುವುದಿಲ್ಲ. ಕುದುರೆ ಬರುವ ಮೊದಲೇ ಬೇರುಸಹಿತ ಕೀಳಿಸಿ, ಉದುರಿದ ಎಲೆಯನ್ನೂ ಗುಡಿಸಿಸಿ. ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ, ಆಳವಾಗಿ ಹೂಳಿಸಿ.