‘ಮಗಳ ಹಂಗ ನೋಡ್ಕೊಂಡಿದ್ದೆ’

ಆಪ್ತಸಲಹೆಗೆಂದು ನನ್ನ ಹತ್ತಿರ ಬರುವ, ಸಣ್ಣ ಉದ್ದಿಮೆ ನಡೆಸುವವರಿಂದ ಈ ಮಾತನ್ನು ಪದೇ ಪದೇ ಕೇಳುತ್ತೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಬ್ಬಳ್ಳಿ ಕಡೆಯ ಬೊಟಿಕ್ ಒಡತಿ. ಕರೆಂಟ್ ಮಷೀನುಗಳು, 14 ಜನ ಕೆಲಸದವರು. ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಮಾಡುವ ಹುಡುಗಿ ಬಸುರಿಯಾದಳು, ಸಂಬಳ ಸಹಿತ ರಜೆ ಕೇಳಿದಳು. ‘ನೀನು ಕನ್ಸಲ್ಟೆಂಟ್, ನೌಕರದಾಕಿ ಅಲ್ಲ, ರಜೆ ಬರೂದಿಲ್ಲ’ ಅಂದರು ಇವರು. ವಕೀಲರ ನೋಟಿಸ್ ಬಂತು. ಅಂದಿನಿಂದ ಇವರಿಗೆ ನಿದ್ದೆಯಿಲ್ಲ.

ಎರಡನೇ ಭೇಟಿಯಲ್ಲಿ ಕೇಳಿದೆ: “ಅಕ್ಕಾರ, ಆಕೆ ಎಷ್ಟೊತ್ತಿಗೆ ಬರ್ತಿದ್ಳು?”

“ಹತ್ತಕ್ಕ. ತಡಾ ಆದ್ರ ಅರ್ಧ ದಿನದ ಪಗಾರ ಕಟ್.”

“ಬೇರೆ ಅಂಗಡಿ ಕೆಲಸ ಹಿಡೀಬಹುದಿತ್ತಾ?”

“ಹೆಂಗ ಬಿಡ್ತೀನ್ರೀ? ನನ್ನ ಕೇಳದ ಚಹಾಕ್ಕೂ ಹೋಗೂದಿಲ್ಲ ಆಕಿ.”

“ಸೀರೆಗೆ ಕುಚ್ಚು ಹಾಕೋರು?”

“ಅವರು ಮನಿಗೆ ಒಯ್ತಾರ. ಸೀರಿಗಿಷ್ಟು ಅಂತ ರೊಕ್ಕ. ನಾಕು ಅಂಗಡಿದು ಮಾಡ್ತಾರ, ಅವರಿಗೆ ನಾ ಏನ್ ಹೇಳಾಕ ಬರ್ತದ...” ಅಂದವರು ತಡೆದರು. “ಹಂಗಾದ್ರ ಈಕಿ ನನ್ನ ನೌಕರದಾಕಿನೇ ಅಲ್ರೀ?”

ಆಪ್ತಸಲಹೆಗಾರರು ಕಾಯ್ದೆ ಮಾತಾಡಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಮಾಧಾನ ಹೇಳಿ ಕಳಿಸಿದ್ದರೆ ನೋಟಿಸ್ ಹಾಗೇ ಇರುತ್ತಿತ್ತು, ‘ಮಗಳು ಮೋಸ ಮಾಡಿದಳು’ ಎಂಬ ಸಿಟ್ಟೂ ಹಾಗೇ ಇರುತ್ತಿತ್ತು. ಕರಾರಿನಲ್ಲಿ ಕನ್ಸಲ್ಟೆಂಟ್ ಅಂತ ಬರೆದು 10 ಪರ್ಸೆಂಟ್ ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿದ ಮಾತ್ರಕ್ಕೆ ಸಂಬಂಧ ಬದಲಾಗುವುದಿಲ್ಲ. ಸಮಯ, ರಜೆ, ಕೆಲಸದ ರೀತಿ ಎಲ್ಲ ಯಾರ ಕೈಯಲ್ಲಿದೆ ಅಂತ ಕೋರ್ಟು ನೋಡುತ್ತದೆ.

ಹೀಗೆ ಬರೆದು ಉಳಿಸಿದ್ದಾದರೂ ಎಷ್ಟು? ಪಗಾರ 18,000. ಮಾಲೀಕರ ಇಎಸ್‌ಐ (ನೌಕರರ ರಾಜ್ಯ ವಿಮೆ) ಪಾಲು 3.25 ಪರ್ಸೆಂಟ್, ಅಂದರೆ ತಿಂಗಳಿಗೆ 585 ರೂಪಾಯಿ. ಮೊದಲಿಂದ ಕಟ್ಟಿದ್ದರೆ 26 ವಾರದ ಹೆರಿಗೆ ಭತ್ಯೆಯನ್ನು ಇಎಸ್‌ಐ ನಿಗಮವೇ ಕೊಡುತ್ತಿತ್ತು. 10 ಜನ ಆದ ಮೇಲೆ ಇಎಸ್‌ಐ ಕಟ್ಟಲೇಬೇಕಿತ್ತು ಕೂಡ.

ನಾನು ಹೇಳಿದ್ದು ಇಷ್ಟು. ಕಾರ್ಮಿಕ ಕಾಯ್ದೆ ಬಲ್ಲವರ ಹತ್ತಿರ ಹೋಗಿ ಬಾಕಿ ಲೆಕ್ಕ ಹಾಕಿಸಿ. ಕುಚ್ಚಿನವರು ಈಗಿರುವ ಹಾಗೇ ಇರಲಿ. ಮದುವೆ ಸೀಸನ್ನಿಗೆ ಜಾಸ್ತಿ ಜನ ಬೇಕಾದರೆ ನಿಗದಿತ ಅವಧಿಯ ನೇಮಕ ಪತ್ರ ಕೊಡಿ. 2025ರ ನವೆಂಬರ್ 21ರಿಂದ ಅಂಥವರಿಗೂ ಒಂದು ವರ್ಷ ಆದರೆ ಗ್ರಾಚ್ಯುಟಿ (ಕೆಲಸ ಮುಗಿದಾಗ ಸಿಗುವ ಇಡಿಗಂಟು) ಇದೆ. ಹುಡುಗಿಯ ಮನೆಗೆ ನೀವೇ ಹೋಗಿ, ಬರೀ ಕೈಯಲ್ಲಿ ಬೇಡ, ನೇಮಕ ಪತ್ರ ಹಿಡಿದು ಹೋಗಿ.

ಹೋದರು. ಪತ್ರ ಓದಿದ ಹುಡುಗಿ ಒಂದೇ ಒಂದು ತಿದ್ದುಪಡಿ ಕೇಳಿದಳಂತೆ: ಸೇರಿದ ದಿನಾಂಕ ಇವತ್ತಿನದಲ್ಲ, ಮೊದಲ ಸಲ ಬಂದ ದಿನದ್ದೇ ಹಾಕಬೇಕು. “ಹಾಕಿಕೊಡ್ರಿ, ಅದು ಆಕೆಯ ಹಕ್ಕು” ಅಂದೆ.